ಚಳಿಗಾಲಕ್ಕೆ ಒಳಗೆ ಬಂದವರು

ಬೋವೆನ್, ಕ್ವೀನ್ಸ್‌ಲ್ಯಾಂಡ್
೨೧ ಏಪ್ರಿಲ್ ೨೦೧೩

ಪ್ರೀತಿಯ ಟೀಕಾ,

ಮಗಳ ಮನೆಗೆ ಬಂದು ಸೇರಿದೆ. ವಿಮಾನದಲ್ಲಿ ಕೊಟ್ಟ ಬಿಸ್ಕತ್ತು ಹಲ್ಲಿಗೆ ಬಗ್ಗಲಿಲ್ಲ ಎನ್ನುವುದು ಬಿಟ್ಟರೆ ಬೇರೆ ದೂರು ಇಲ್ಲ. ಇಲ್ಲಿ, ನಮ್ಮಲ್ಲಿ ಚಳಿ ಶುರುವಾಗುವ ಏಪ್ರಿಲ್ ತಿಂಗಳಲ್ಲೂ, ಗಂಡಸರು ಬನಿಯನ್ನಿನಲ್ಲಿ ಓಡಾಡುತ್ತಾರೆ. ಊರಾಚೆ ಕಣ್ಣು ಹಾಯುವಷ್ಟು ದೂರ ದೊಣ್ಣೆ ಮೆಣಸಿನಕಾಯಿಯ ಹೊಲ. ಪೆಟ್ರೋಲ್ ಬಂಕಿನ ಹಿಂದೆ ಗೋಡೆ ಬಿರುಕಿನಲ್ಲಿ ಒಂದು ಮೆಣಸಿನ ಗಿಡ ಯಾರೂ ಕೇಳುವವರಿಲ್ಲದೆ ಕಳೆಯ ಹಾಗೆ ಬೆಳೆದಿದೆ. ಚಳಿಗಾಲಕ್ಕೆ ಗಿಡವನ್ನು ಮನೆಯೊಳಗೆ ತರಬೇಕು ಎಂದು ಅಳಿಯನಿಗೆ ಹೇಳಿದರೆ, ಬೆಕ್ಕಿಗೆ ಶೂ ಹಾಕಬೇಕು ಎಂದವನನ್ನು ನೋಡುವ ಹಾಗೆ ನೋಡಿದ.

ಈಗ ನಿನ್ನ ಕೆಲಸ. ಹಿತ್ತಲ ಬೇಲಿಯ ಪಕ್ಕ ಇರುವ, ತೀರಿಹೋದ ನನ್ನ ಹೆಂಡತಿ ಐವಿಯ ಮೂರು ಮೆಣಸಿನ ಗಿಡಗಳು. ಏಪ್ರಿಲ್ ೨೫ರ ಆನ್ಜಾಕ್ ದಿನ ಕಳೆದ ಮೇಲೆ ನಮ್ಮ ಲಾನ್ಸೆಸ್ಟನ್ನಿನ ಆಕಾಶವನ್ನು ನಂಬುವಂತಿಲ್ಲ. ಒಂದು ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದರೆ ಗಿಡಗಳ ಕಥೆ ಮುಗಿಯಿತು. ಆದ್ದರಿಂದ ಬುಡದ ಸುತ್ತ ಅಗಲವಾಗಿ ಅಗೆದು ಎತ್ತಿ, ಬೇರಿನ ಮಣ್ಣು ತೊಳೆದು, ಹೊಸ ಮಣ್ಣು ಹಾಕಿ ಕುಂಡದಲ್ಲಿ ನೆಡು. ಆಮೇಲೆ ಎದೆ ಗಟ್ಟಿ ಮಾಡಿಕೊಂಡು ಕತ್ತರಿಸು. ಎಲೆ, ಹೂ, ಕಾಯಿ ಏನನ್ನೂ ನೋಡಬೇಡ. ಕವಣೆಯ ಕವಲಿನಷ್ಟು ಮೋಟು ಉಳಿದರೆ ಸಾಕು. ನನ್ನ ಗಾಜಿನ ಕೋಣೆಯಲ್ಲಿಡು. ನೀರು ಕಡಿಮೆ. ಬೀಗದ ಕೈ ನಿನ್ನ ಬಳಿ ಇದೆ.

ಫೋನ್ ಮಾಡಬೇಡ. ನನ್ನ ಕಿವಿಯನ್ನು ಉಣ್ಣೆಯ ಗಿರಣಿಗೆ ಕೊಟ್ಟು ಬಹಳ ವರ್ಷವಾಯಿತು. ಕಾಗದ ಬರೆ. ನೀನು ನಿರಾಶ್ರಿತರ ಕ್ಯಾಂಪಿನ ಶಾಲೆಯಲ್ಲಿ ಪಾಠ ಹೇಳಿದವಳು, ನನ್ನ ಮಗಳು ಗ್ಲೆನಿಸ್‌ಗಿಂತ ನಿನ್ನ ಅಕ್ಷರ ಚೆನ್ನಾಗಿದೆ. ಸೆಪ್ಟೆಂಬರಿನಲ್ಲಿ ವಾಪಸು ಬರುತ್ತೇನೆ.

ನಿನ್ನ ಅತ್ತೆ ಹೇಗಿದ್ದಾರೆ? ಬೇಲಿಯಾಚೆಯಿಂದ ಎಷ್ಟು ಸಲ ಟೋಪಿ ಎತ್ತಿದರೂ ಆ ಕಿಟಕಿಯ ಪರದೆ ಅಲ್ಲಾಡಲಿಲ್ಲ.

ಮರ್ವ್ ಪೈಬಸ್


ಲಾನ್ಸೆಸ್ಟನ್, ಟಾಸ್ಮೇನಿಯಾ
೩ ಮೇ ೨೦೧೩

ಪೂಜ್ಯ ಮರ್ವ್ ಬಾಜೆ,

'ಮಿಸ್ಟರ್ ಪೈಬಸ್' ಎಂದು ಶುರು ಮಾಡಿದ್ದೆ. ನನ್ನ ಮಗಳು ಇಣುಕಿ ನೋಡಿ, "ಅಯ್ಯೋ ಅಮ್ಮಾ, ಅಜ್ಜನ್ನ ಯಾರಾದ್ರೂ ಮಿಸ್ಟರ್ ಅಂತಾರಾ? ಬಾಜೆ ಅಂತ ಬರಿ" ಎಂದು ನಕ್ಕಳು. ಹಾಗಾಗಿ ಹೊಸ ಹಾಳೆ.

ಕಳೆದ ಭಾನುವಾರ ನನ್ನ ಗಂಡ ಭೀಮ್‌ಗೆ ತೋಟದ ಕೆಲಸಕ್ಕೆ ರಜೆ ಇತ್ತು. ಅವರು ಅಗೆದರು, ನಾನು ಬೇರು ತೊಳೆದೆ. ಗಿಡದಲ್ಲಿ ಕಾಯಿಗಳು ದಟ್ಟವಾಗಿದ್ದವು, ಕೆಂಪಗೆ, ಗುಂಡಗೆ. ಬುಟ್ಟಿಯಲ್ಲಿ ತುಂಬಿ ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟೆ.

ಅತ್ತೆಯ ಬಗ್ಗೆ, ನಮ್ಮ ಆಮಾ ಬಗ್ಗೆ, ಕೇಳಿದ್ದೀರಿ. ನಿಮಗೆ ಗೊತ್ತಿರುವುದು ಸ್ವಲ್ಪವೇ. ಇಡೀ ಕುಟುಂಬಕ್ಕೆ ಇಲ್ಲಿಗೆ ಬರಲು ಒಪ್ಪಿಗೆ ಸಿಕ್ಕಿದ ಮೇಲೆ, ವಿಮಾನ ಹತ್ತುವ ತಿಂಗಳಲ್ಲೇ ನಮ್ಮ ಮಾವ ಕ್ಯಾಂಪಿನಲ್ಲಿ ತೀರಿಕೊಂಡರು. ಡಿಸೆಂಬರಿನಲ್ಲಿ ಇಲ್ಲಿಗೆ ಬಂದಾಗಿನಿಂದ ಆಮಾ ಬಾಯಲ್ಲಿ ಒಂದೇ ಮಾತು: 'ಹುಂಛ'. ಆಯ್ತು ಎಂದು ಅರ್ಥ. ಊಟ ಮಾಡ್ತೀರಾ? ಹುಂಛ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾರೆ. ಡಾಕ್ಟರ ಹತ್ತಿರ ಹೋಗೋಣವಾ? ಹುಂಛ. ಮಾತ್ರೆ ತಗೊಳ್ತೀರಾ? ಹುಂಛ. ಜಗಳವಾಡುವ ಅತ್ತೆಯನ್ನು ಕೊಡು ದೇವರೇ ಎಂದು ಬೇಡಿಕೊಂಡ ಸೊಸೆ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಅವತ್ತು ನೀರು ಕುಡಿಯಲು ಕೋಣೆಯಿಂದ ಬಂದವರು ಬುಟ್ಟಿಯ ಮುಂದೆ ನಿಂತರು. ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದು, "ಅಕಬರೆ!" ಎಂದರು. ಭೂತಾನಿನ ನಮ್ಮ ಚಿರಾಂಗ್ ಗುಡ್ಡದಲ್ಲಿ ಬೆಳೆಯುವ, ಬಿಳಿ ಬೀಜದ ಗುಂಡು ಮೆಣಸಿನಕಾಯಿ ಅದು. ಆಮೇಲೆ ಉಗುರಿನಿಂದ ಸೀಳಿ ನೋಡಿ, "ಬೀಜ ಕರ್‍ರಗಿದೆಯಲ್ಲೇ ಬುಹಾರಿ! ಯಾರ ಮನೆ ಮಗು ಇದು?" ಎಂದರು. ಅವರು ನನ್ನನ್ನು 'ಬುಹಾರಿ', ಸೊಸೆ, ಎಂದು ಕರೆದು ಎಷ್ಟು ದಿನವಾಗಿತ್ತೋ. ಆ ಸಂಜೆ ಅರ್ಧ ಕಾಯಿ ನಂಜಿಕೊಂಡು ಒಂದು ತಟ್ಟೆ ಅನ್ನ ಉಂಡರು. ಮೂಗು, ಕಣ್ಣು ಎಲ್ಲ ಸುರಿಯಿತು. ಭೀಮ್ ಎದ್ದು ಹೊರಗೆ ಹೋದರು, ಅವರಿಗೆ ಅಳು ಬಂದಿತ್ತು.

ಕತ್ತರಿ ನಿಮ್ಮ ಶೆಡ್ಡಿನಲ್ಲೇ ಸಿಕ್ಕಿತು. ಮೂರೂ ಗಿಡಗಳು ಈಗ ಗಾಜಿನ ಕೋಣೆಯಲ್ಲಿವೆ.

ನಿಮ್ಮ ಋಣ ದೊಡ್ಡದು ಬಾಜೆ.

ಟೀಕಾ ಮಾಯಾ


ಬೋವೆನ್
೧೯ ಮೇ ೨೦೧೩

ಪ್ರೀತಿಯ ಟೀಕಾ,

ಋಣ ಗಿಣ ಎಂದು ಬರೆದರೆ ಕಾಗದ ವಾಪಸು ಕಳಿಸುತ್ತೇನೆ. ಅಗೆದವರು ನೀವು, ತೊಳೆದವಳು ನೀನು. ನಾನು ಇಲ್ಲಿ ಸಮುದ್ರದ ದಂಡೆಯಲ್ಲಿ ಕೂತು ಪೆಲಿಕನ್‌ಗಳು ಮೀನು ಕದಿಯುವುದನ್ನು ನೋಡುತ್ತಿದ್ದೇನೆ.

ಯಾರ ಮನೆ ಮಗು ಎಂದು ಕೇಳಿದ್ದಾರಲ್ಲ, ಹೇಳು: ಚಿಲಿ ದೇಶದ ಒಬ್ಬ ಹೆಂಗಸು ನಮ್ಮ ಗಿರಣಿಯಲ್ಲಿ ಐವಿಯ ಪಕ್ಕದ ಮಗ್ಗದಲ್ಲಿದ್ದಳು. ದೇಶ ಬಿಟ್ಟು ಓಡಿಬಂದ ಸಂಸಾರ. ಅವಳು ಕೊಟ್ಟ ಗಿಡದ ಸಂತಾನ ಇದು. ಅವರ ಕಡೆ ಇದನ್ನು ರೊಕೊಟೊ ಅನ್ನುತ್ತಾರಂತೆ. ಐವಿಗೆ ಖಾರ ಆಗುತ್ತಿರಲಿಲ್ಲ, ಕಾಳುಮೆಣಸು ಹಾಕಿದರೂ ಕೆಮ್ಮುತ್ತಿದ್ದಳು. ಆದರೂ ಆ ಗಿಡಗಳನ್ನು ಪ್ರತಿ ಚಳಿಗಾಲ ಒಳಗೆ ತಂದಳು. ಸ್ನೇಹಕ್ಕೆ.

ನೀನು ಅಂಜುತ್ತೀಯೇನೋ ಅಂದುಕೊಂಡಿದ್ದೆ. ಎದೆ ಗಟ್ಟಿ ಮಾಡಿ ಕತ್ತರಿಸಿದೆಯಲ್ಲ, ಶಹಬ್ಬಾಸ್. ಮೂರು ಮೋಟುಗಳು ನೋಡಲು ಬೋಳು ಬೋಳಾಗಿರುತ್ತವೆ, ಹೆದರಬೇಡ. ತೊಗಟೆಯನ್ನು ಉಗುರಿನಿಂದ ಕೆರೆದು ನೋಡು. ಒಳಗೆ ಹಸಿರಿದ್ದರೆ ಜೀವ ಇದೆ.

ಇನ್ನೊಂದು ಮಾತು. ನಿಮ್ಮ ಬಾಡಿಗೆ ಮನೆ ಐಸ್ ಪೆಟ್ಟಿಗೆ ಎಂದು ನಮ್ಮ ಬೀದಿಗೆಲ್ಲ ಗೊತ್ತು. ನನ್ನ ಗಾಜಿನ ಕೋಣೆಗೆ ಬೆಳಗಿನಿಂದ ಮೂರು ಗಂಟೆಯವರೆಗೆ ಬಿಸಿಲು. ಐವಿಯ ಕುರ್ಚಿ ಖಾಲಿ ಇದೆ. ನಿನ್ನ ಅತ್ತೆಯನ್ನು ಕೂರಿಸು.

ಮರ್ವ್


ಲಾನ್ಸೆಸ್ಟನ್
೧೬ ಜೂನ್ ೨೦೧೩

ಪೂಜ್ಯ ಬಾಜೆ,

ನಿಮ್ಮ ಶಹಬ್ಬಾಸ್‌ಗೆ ನಾನು ಅರ್ಹಳಲ್ಲ. ನಾನು ಕತ್ತರಿಸಲಿಲ್ಲ.

ಅವತ್ತು ಕುಂಡಕ್ಕೆ ನೆಟ್ಟ ಮೇಲೆ ಆಮಾ ನನ್ನ ಹಿಂದೆಯೇ ನಿಮ್ಮ ಹಿತ್ತಲಿಗೆ ಬಂದರು. ನಾಲ್ಕು ತಿಂಗಳಲ್ಲಿ ಮೊದಲ ಬಾರಿ ಅಂಗಳಕ್ಕೆ ಇಳಿದಿದ್ದರು, ಭೀಮ್‌ನ ಚಪ್ಪಲಿ ಹಾಕಿಕೊಂಡು. ನಾನು ಕೊಂಬೆಗೆ ಕತ್ತರಿ ಇಟ್ಟೆ. "ಹುಂದೈನ!" ಎಂದರು. ಕೂಡದು! ಬೇಲಿಯ ಮೇಲಿದ್ದ ಹಕ್ಕಿ ಹಾರಿಹೋಗುವಷ್ಟು ಜೋರಾಗಿ. "ಹೂವು ಕಾಯಿ ತುಂಬಿದ ಗಿಡ ಅದು, ಬಸುರಿ ಇದ್ದಂಗೆ. ಅದಕ್ಕೆ ಕತ್ತರಿ ಹಾಕ್ತೀಯಾ? ನಿನ್ ಕೈಗೇನ್ ಬಂದಿದೆ ರೋಗ? ಯಾವ ಊರಿನ ಬುದ್ಧಿ ಇದು?"

ಬಾಜೆ, 'ಇಲ್ಲ' ಎನ್ನುವ ಮಾತು ಅವರ ಬಾಯಿಂದ ಬಂದಿತ್ತು. ನನಗೆ ಕುಣಿಯಬೇಕು ಎನ್ನಿಸಿತು. ಕತ್ತರಿಯನ್ನು ಶೆಡ್ಡಿನಲ್ಲಿಟ್ಟು, ಹಾಗೆಯೇ ಒಳಗೆ ತಂದೆವು. ನಿಮಗೆ ಬರೆಯುವಾಗ ಆ ಮಾತನ್ನು ಬಿಟ್ಟೆ. ನಿಮ್ಮ ಹೆಂಡತಿಯ ಗಿಡ. ನನ್ನ ಅತ್ತೆಯ ಒಂದು ಮಾತಿಗಾಗಿ ಅದನ್ನು ಪಣಕ್ಕಿಟ್ಟೆ.

ಈಗ ಅದರ ಫಲ ಕಾಣುತ್ತಿದೆ. ಎಲೆಗಳ ಅಡಿಯಲ್ಲಿ ಹಸಿರು ಹೇನು ಹತ್ತಿದೆ. ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟು. ದಿನವೂ ಎಲೆ ಉದುರುತ್ತಿದೆ. ಒಂದು ಗಿಡದ ತುದಿಗಳು ಕಪ್ಪಾಗಿವೆ. ಆಮಾ ಬೆಳಿಗ್ಗೆಯೇ ಹೋಗಿ ಕುರ್ಚಿಯಲ್ಲಿ ಕೂತು, ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಾರೆ. ಮರುದಿನ ಮತ್ತೆ ಅಷ್ಟೇ ಹೇನು. ನಿನ್ನೆ ಮಧ್ಯಾಹ್ನ ಕರೆಯಲು ಹೋದರೆ, ಉದುರಿದ ಎಲೆಗಳನ್ನು ಮಡಿಲಲ್ಲಿ ತುಂಬಿಕೊಂಡು ಸುಮ್ಮನೆ ಕೂತಿದ್ದರು. ಗಿಡ ಸತ್ತರೆ ಇವರು ಮತ್ತೆ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ನನಗೆ ಭಯ.

ಕೋಪ ಬಂದರೂ ಸರಿ, ಉತ್ತರ ಬರೆಯಿರಿ.

ಟೀಕಾ


ಬೋವೆನ್
೧೪ ಜುಲೈ ೨೦೧೩

ಪ್ರೀತಿಯ ಟೀಕಾ,

ತಡವಾಯಿತು. ಅಕ್ಷರ ಬೇರೆ ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಶೆಡ್ಡಿನ ಬಾಗಿಲಿಗೆ ಕೈ ಸಿಕ್ಕಿಕೊಂಡಿದೆ. ನಾನು ಹೇಳುತ್ತೇನೆ, ಗ್ಲೆನಿಸ್ ಬರೆಯುತ್ತಾಳೆ. ಹೇಳಿದ್ದಕ್ಕಿಂತ ಸಭ್ಯವಾಗಿ ಬರೆಯುತ್ತಾಳೆ.

ಕೋಪವೇ? ಐವಿಗೂ ಕತ್ತರಿಸುವ ಧೈರ್ಯ ಎಂದೂ ಬರಲಿಲ್ಲ. ಅವಳು ಭಾನುವಾರ ಚರ್ಚಿಗೆ ಹೋದಾಗ ನಾನು ಕತ್ತರಿಸಿ, ಕೊಂಬೆಗಳನ್ನು ತಿಪ್ಪೆಗೆ ಹಾಕಿ, ಏನೂ ಗೊತ್ತಿಲ್ಲದವನ ಹಾಗೆ ಪೇಪರ್ ಓದುತ್ತಾ ಕೂರುತ್ತಿದ್ದೆ. "ಕೊಲೆಗಾರ" ಎನ್ನುತ್ತಿದ್ದಳು. ಮಧ್ಯಾಹ್ನದ ಊಟದಲ್ಲಿ ನನ್ನ ಪಾಲಿನ ಮಾಂಸ ಚಿಕ್ಕದಾಗಿರುತ್ತಿತ್ತು.

ಪಾತ್ರೆ ತೊಳೆಯುವ ಸೋಪನ್ನು ಸ್ವಲ್ಪವೇ ನೀರಿಗೆ ಹಾಕಿ, ಎಲೆಯ ಅಡಿಗೆ ಸಿಂಪಡಿಸಿ. ಆಮೇಲೂ ಗಿಡ ಸೊರಗಿದರೆ ಕತ್ತರಿಸಲೇಬೇಕು. ಆದರೆ ನೀನು ಕತ್ತರಿಸಬೇಡ. ನಿನ್ನ ಅತ್ತೆಯೇ ಹೇಳಲಿ. ಹೇಳದಿದ್ದರೆ ಬಿಡು, ಹೋದರೆ ಗಿಡ ಹೋಗಲಿ. ಮನುಷ್ಯರು 'ಇಲ್ಲ' ಎನ್ನಲು ಒಂದು ಗಿಡ ಬೇಕಾಗಿದ್ದರೆ ಐವಿ ಸಂತೋಷದಿಂದ ಕೊಡುತ್ತಿದ್ದಳು.

ಮರ್ವ್


ಲಾನ್ಸೆಸ್ಟನ್
೨೮ ಜುಲೈ ೨೦೧೩

ಪೂಜ್ಯ ಬಾಜೆ,

ನಿಮ್ಮ ಕೈ ಹೇಗಿದೆ? ಆಮಾ ಕೇಳಿದರು. ಹೌದು, ಅವರೇ ಕೇಳಿದರು.

ನಿಮ್ಮ ಕಾಗದವನ್ನು ಅವರಿಗೆ ನೇಪಾಳಿಯಲ್ಲಿ ಓದಿ ಹೇಳಿದೆ. 'ಕೊಲೆಗಾರ' ಎಂಬಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದರು ಬಾಜೆ. ಮಾವನೂ ಹೀಗೆಯೇ ಅಂತೆ; ಚಿರಾಂಗ್‌ನಲ್ಲಿ ಕಿತ್ತಳೆ ಗಿಡ ಸವರುವ ದಿನ ಇವರನ್ನು ತವರಿಗೆ ಕಳಿಸಿಬಿಡುತ್ತಿದ್ದರಂತೆ. ಆ ತೋಟದ ಮಾತನ್ನು ಅವರು ಎತ್ತಿದ್ದು ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇದೇ ಮೊದಲು.

ಸೋಪಿನ ನೀರು ಹೊಡೆದೆವು. ಹೇನು ಕಡಿಮೆಯಾಯಿತು, ಗಿಡ ಮಾತ್ರ ಮೇಲೇಳಲಿಲ್ಲ. ಕಳೆದ ವಾರ ಹೊರಗೆ ದಪ್ಪ ಮಂಜು. ನದಿ, ಸೇತುವೆ, ಎದುರು ಮನೆ ಏನೂ ಕಾಣುತ್ತಿರಲಿಲ್ಲ. ನಾನು ಚಹಾ ತೆಗೆದುಕೊಂಡು ಹೋದೆ. ಆಮಾ ಗಿಡದ ಮುಂದೆ ನೆಲದ ಮೇಲೆ ಕೂತಿದ್ದರು.

"ಬುಹಾರಿ, ಕತ್ತರಿ ತಗೊಂಡ್ ಬಾ."

"ಆಮಾ, ಬೇಡ ಅಂದ್ರೆ ಬಿಡೋಣ. ಬಾಜೆನೂ ಬೇಡ ಅಂದಿದ್ದಾರೆ."

"ಇಷ್ಟೊಂದು ಎಲೆ ಹೊತ್ಕೊಂಡು ಚಳಿ ದಾಟಕ್ಕಾಗಲ್ಲ ಇದಕ್ಕೆ. ಎಷ್ಟು ಅಂತ ಹೊರುತ್ತೆ ಪಾಪ? ತಾ ಅಂದ್ನಲ್ಲ, ತಾ. ನಿನ್ ಕೈಗೆ ಕೊಡಲ್ಲ, ನೀನು ಸೌತೆಕಾಯಿ ಹೆಚ್ಚೋದನ್ನೇ ನೋಡಿದ್ದೀನಿ."

ತಾವೇ ಕತ್ತರಿಸಿದರು. ಪ್ರತಿ ಕೊಂಬೆಗೂ ಏನೋ ಪಿಸುಗುಟ್ಟಿ ಆಮೇಲೆ ಕತ್ತರಿ ಒತ್ತಿದರು. ನಾನು ಹತ್ತಿರ ಹೋಗಿ ಕೇಳಿಸಿಕೊಳ್ಳಲಿಲ್ಲ. ಮೂರೂ ಮುಗಿದ ಮೇಲೆ ಕೈ ತೊಳೆದು ಐವಿಯವರ ಕುರ್ಚಿಯಲ್ಲಿ ಕೂತು ಅತ್ತರು. ಮಾವ ಹೋದಾಗ ಅತ್ತಿರಲಿಲ್ಲ. ಅವತ್ತು ಅತ್ತರು, ಮಂಜು ಕರಗಿ ಬಿಸಿಲು ಬರುವವರೆಗೆ. ನಾನು ಪಕ್ಕದಲ್ಲಿ ಕೂತಿದ್ದೆ. ಆಮೇಲೆ, "ಚಾ ತಣ್ಣಗಾಯ್ತು. ಬಿಸಿ ಮಾಡ್ಕೊಂಡು ಬಾ. ಸಕ್ಕರೆ ಹಾಕು ಈ ಸಲ, ಜಿಪುಣಿ" ಎಂದರು.

ಈಗ ದಿನವೆಲ್ಲ ಅಲ್ಲೇ. ನಮ್ಮವರ ಇಬ್ಬರು ಮುದುಕಿಯರೂ ಬರುತ್ತಾರೆ, ಉಣ್ಣೆ ಹೆಣೆಯುತ್ತಾರೆ, ಸೊಸೆಯರನ್ನು ಬೈಯುತ್ತಾರೆ. ತಪ್ಪಾದರೆ ಹೇಳಿ, ನಿಲ್ಲಿಸುತ್ತೇನೆ.

ಸೆಪ್ಟೆಂಬರಿನಲ್ಲಿ ಯಾವ ದಿನ ಬರುತ್ತೀರಿ? ಭೀಮ್ ವಿಮಾನ ನಿಲ್ದಾಣಕ್ಕೆ ಬರುತ್ತಾರೆ. ಆಮಾ ನಿಮಗೆ ಖಾರವಿಲ್ಲದ ಅಡುಗೆ ಮಾಡುವುದು ಹೇಗೆ ಎಂದು ಯೋಚಿಸುತ್ತಿದ್ದಾರೆ, ಇನ್ನೂ ಉತ್ತರ ಸಿಕ್ಕಿಲ್ಲ.

ಟೀಕಾ


ಬೋವೆನ್
೧೧ ಆಗಸ್ಟ್ ೨೦೧೩

ಪ್ರೀತಿಯ ಟೀಕಾ,

ಒಳ್ಳೆಯ ಸುದ್ದಿ. ಮುದುಕಿಯರು ಎಷ್ಟು ಬೇಕಾದರೂ ಬರಲಿ. ಹೀಟರ್ ಹಾಕಿಕೊಳ್ಳಲಿ.

ಇಲ್ಲಿ ಮಾವಿನ ಮರಗಳು ಹೂ ಬಿಟ್ಟಿವೆ. ಮೊಮ್ಮಗ ದೊಡ್ಡ ಮೀನು ಹಿಡಿದ. ಪೆಲಿಕನ್ ಅದನ್ನೂ ಕದ್ದಿತು.

ಹೆಚ್ಚು ಬರೆಯಲು ಏನೂ ಇಲ್ಲ.

ಮರ್ವ್ (ಬರೆದವಳು ಗ್ಲೆನಿಸ್)


ಲಾನ್ಸೆಸ್ಟನ್
೨೪ ಆಗಸ್ಟ್ ೨೦೧೩

ಮಾನ್ಯ ಪೈಬಸ್ ಅವರೇ,

ನಿನ್ನೆ ಬೆಳಿಗ್ಗೆ ಮನೆ ಮಾರಾಟದ ಏಜೆಂಟ್ ಒಬ್ಬರು ನಿಮ್ಮ ಮನೆಯ ಬಾಗಿಲು ತೆರೆದು ಒಳಗೆ ಬಂದರು. ಆಮಾ ಮತ್ತು ಆ ಇಬ್ಬರು ಹಿರಿಯರು ಗಾಜಿನ ಕೋಣೆಯಲ್ಲಿದ್ದರು. "ನೀವ್ಯಾರು? ಇಲ್ಲಿ ಹೇಗೆ ಬಂದ್ರಿ?" ಎಂದು ಆತ ಕೇಳಿದ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಸಮವಸ್ತ್ರದಂತಹ ಕೋಟು, ಕೈಯಲ್ಲಿ ಕಾಗದ, ಬಾಗಿಲಲ್ಲಿ ನಿಂತ ಗಂಡಸು. ಇಂಥದ್ದನ್ನು ಅವರು ಹಿಂದೆ ಒಮ್ಮೆ ನೋಡಿದ್ದಾರೆ, ಭೂತಾನಿನಲ್ಲಿ, ನಮ್ಮ ಜನರನ್ನು ಮನೆಗಳಿಂದ ಹೊರಹಾಕಿದಾಗ. ಮೂವರೂ ಚಪ್ಪಲಿ ಬಿಟ್ಟು ಓಡಿಬಂದರು. ಆತ ಕೆಟ್ಟವನಲ್ಲ, ಆಮೇಲೆ ಚಪ್ಪಲಿಗಳನ್ನು ತಾನೇ ತಂದು ಕೊಟ್ಟು, ಮನೆ ಮಾರಾಟಕ್ಕಿದೆ, ಫೋಟೋ ತೆಗೆಯಬೇಕು, ಕುಂಡಗಳನ್ನು ತೆಗೆಯಿರಿ ಎಂದು ಮರ್ಯಾದೆಯಿಂದಲೇ ಹೇಳಿದ.

ಮನೆ ನಿಮ್ಮದು. ಮಾರುವುದು, ಬಿಡುವುದು ನಿಮ್ಮ ಇಷ್ಟ. ನಮಗೆ ಒಂದು ಮಾತು ಹೇಳಿದ್ದರೆ ನಾವೇ ತೆರವು ಮಾಡುತ್ತಿದ್ದೆವು. ನಿಮ್ಮ ಕಾಗದಗಳು ಚಿಕ್ಕದಾಗುತ್ತಾ ಬಂದಾಗಲೇ ನಾನು ಅರ್ಥ ಮಾಡಿಕೊಳ್ಳಬೇಕಿತ್ತು. ನಾವು ನಿಮ್ಮ ದಾಕ್ಷಿಣ್ಯವನ್ನು ಮೀರಿ ನಡೆದುಕೊಂಡಿದ್ದೇವೆ. ಮುದುಕಿಯರನ್ನು ಕರೆತಂದದ್ದು ತಪ್ಪು.

ಕುಂಡಗಳು ಸದ್ಯ ನಮ್ಮ ಮಲಗುವ ಕೋಣೆಯಲ್ಲಿವೆ. ಬೀಗದ ಕೈಯನ್ನು ಇದರ ಜೊತೆಯಲ್ಲೇ ಕಳಿಸುತ್ತಿದ್ದೇನೆ.

ಇದುವರೆಗೆ ಮಾಡಿದ ಉಪಕಾರಕ್ಕೆ ಕೃತಜ್ಞಳು.

ಟೀಕಾ ಮಾಯಾ


ಬೋವೆನ್
೨ ಸೆಪ್ಟೆಂಬರ್ ೨೦೧೩

ಪ್ರೀತಿಯ ಟೀಕಾ,

ನಾನು ಗ್ಲೆನಿಸ್. ಈ ಸಲ ಮೊದಲು ನನ್ನ ಮಾತು, ಆಮೇಲೆ ಅಪ್ಪನದು.

ಅಪ್ಪನ ಕೈಗೆ ಯಾವ ಬಾಗಿಲೂ ಬಡಿದಿಲ್ಲ. ಜೂನ್ ತಿಂಗಳಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಗಿದೆ, ಬಲಗಾಲು ಎಳೆಯುತ್ತದೆ. ಒಬ್ಬರೇ ಇರುವಂತಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ಮನೆ ಮಾರುವ ಮಾತು ಬಂತು. ನಿಮಗೆ ಹೇಳೋಣ ಎಂದು ನಾನು ಪ್ರತಿ ಕಾಗದಕ್ಕೂ ಹೇಳಿದೆ. "ಆ ಹೆಂಗಸು ಈಗ ತಾನೇ ಅನ್ನ ತಿನ್ನೋಕೆ ಶುರು ಮಾಡಿದ್ದಾರೆ. ಮನೆ ಹೋಗುತ್ತೆ ಅಂತ ಟೀಕಾಗೆ ಗೊತ್ತಾದ್ರೆ ಅವತ್ತೇ ಕುಂಡ ಎತ್ಕೊಂಡು ಹೋಗ್ತಾಳೆ, ಅವಳ ಸ್ವಾಭಿಮಾನ ನಿಂಗೊತ್ತಿಲ್ಲ. ಈ ಚಳಿಗಾಲ ಒಂದು ಕಳೀಲಿ" ಎಂದು ನನ್ನ ಬಾಯಿ ಮುಚ್ಚಿಸಿದರು. ಏಜೆಂಟ್ ಅಕ್ಟೋಬರಿಗೆ ಬರುವುದಾಗಿ ಮಾತಾಗಿತ್ತು. ಮೊದಲೇ ಬಂದ. ನಿಮ್ಮ ಅತ್ತೆಯವರನ್ನು ಓಡಿಸಿದಂತಾಯಿತು ಎಂದು ಓದಿದಾಗ ಅಪ್ಪ ಊಟ ಬಿಟ್ಟರು.

ಈಗ ಅಪ್ಪ ಹೇಳುವುದು:

ಟೀಕಾ, ನಿನ್ನ ಕಾಗದದಲ್ಲಿ 'ಮಾನ್ಯ ಪೈಬಸ್ ಅವರೇ' ಎಂದಿದೆ. ಬಹಳ ನೋವಾಯಿತು, ಆದರೆ ತಪ್ಪು ನನ್ನದೇ. ನನಗೇ ಆ ಮಾತನ್ನು ಬರೆಸಲು ಆಗಲಿಲ್ಲ. ಮನೆ ಮಾರುತ್ತೇನೆ ಎಂದು ಕಾಗದದ ಮೇಲೆ ಬಂದರೆ ಅದು ನಿಜವಾಗಿಬಿಡುತ್ತದಲ್ಲ. ನೀನು 'ಆಮಾ ಕುರ್ಚಿಯಲ್ಲಿ ಕೂತರು' ಎಂದು ಬರೆದಾಗಲೆಲ್ಲ ನನಗೆ ಆ ಕೋಣೆ ಕಾಣಿಸುತ್ತಿತ್ತು: ಬಿಸಿಲು, ಐವಿಯ ಕುರ್ಚಿ, ಅದರಲ್ಲಿ ಯಾರೋ ಬೈಯುತ್ತಾ ಚಹಾ ಕುಡಿಯುವುದು. ಖಾಲಿ ಮನೆ ಮಾರುವುದಕ್ಕೂ ಜನ ಇರುವ ಮನೆ ಮಾರುವುದಕ್ಕೂ ವ್ಯತ್ಯಾಸವಿದೆ. ಉಪಕಾರ ನೀವು ಮಾಡಿದ್ದು, ಅದನ್ನು ನೀನು ತಿರುಗು ಮುರುಗಾಗಿ ತಿಳಿದಿದ್ದೀಯ.

ಬೀಗದ ಕೈ ವಾಪಸು ಕಳಿಸಿದ್ದೇನೆ. ಏಜೆಂಟಿಗೆ ಹೇಳಿಯಾಗಿದೆ: ನವೆಂಬರಿಗೆ ಮೊದಲು ಮನೆ ಬಿಟ್ಟುಕೊಡುವುದಿಲ್ಲ. ಫೋಟೋದಲ್ಲಿ ಗಿಡ ಬಂದರೆ ಬರಲಿ, ಮುದುಕಿಯರು ಬಂದರೂ ಬರಲಿ, ಮನೆಗೆ ಲಕ್ಷಣ. ಗಿಡಗಳನ್ನು ಬಿಸಿಲಿಗೆ ಒಯ್ಯಿ.

ಕೊನೆಯ ಸಾಲು ಎಡಗೈಯಲ್ಲಿ ನಾನೇ ಬರೆದದ್ದು, ನಗಬೇಡ:

ದಯವಿಟ್ಟು ಬಾಜೆ ಎಂದು ಬರೆ.


ಲಾನ್ಸೆಸ್ಟನ್
೧೩ ಅಕ್ಟೋಬರ್ ೨೦೧೩

ನಮ್ಮ ಪ್ರೀತಿಯ ಬಾಜೆ,

ಇಷ್ಟು ದಿನ ಬರೆಯದೆ ಇದ್ದದ್ದು ಕೋಪಕ್ಕಲ್ಲ. ನಿಮ್ಮ ಎಡಗೈಯ ಸಾಲು ಓದಿ ಬರೆಯಲು ಕೂತಾಗಲೆಲ್ಲ ಹಾಳೆ ಒದ್ದೆಯಾಗುತ್ತಿತ್ತು. ಕೈ ಸಿಕ್ಕಿಕೊಂಡಿದೆ ಎಂದಾಗ ನಾನು ನಂಬಿದೆ. ಗ್ಲೆನಿಸ್ ದೀದಿ ಬರೆಯುತ್ತಿದ್ದಾರೆ ಎಂದರೆ ನಿಮಗೆ ಬೇಸರ ಬಂದಿದೆ ಎಂದುಕೊಂಡೆ. ಕ್ಷಮಿಸಿ.

ಆಮಾಗೆ ಎಲ್ಲವನ್ನೂ ಹೇಳಿದೆ. "ಕೈಯಿಲ್ಲದೆ ಅನ್ನ ಹೇಗೆ ಉಣ್ತಾರೆ? ಯಾರಾದ್ರೂ ಕಲಸಿ ಕೊಡ್ತಾರಾ?" ಎಂದು ಕೇಳಿದರು. ನೀವು ಚಮಚದಲ್ಲಿ ತಿನ್ನುವವರು ಎಂದು ನೆನಪಿಸಿದೆ. "ಚಮಚಕ್ಕೂ ಕೈ ಬೇಕಲ್ಲೇ ಬುಹಾರಿ" ಎಂದರು.

ಮರುದಿನವೇ ಕುಂಡಗಳ ಜೊತೆ ಗಾಜಿನ ಕೋಣೆಗೆ ಹೋದರು. ಒಂದು ಬೆಳಿಗ್ಗೆ ಅಲ್ಲಿಂದಲೇ ಕೂಗಿದರು. ಏನಾಯಿತೋ ಎಂದು ಹಿಟ್ಟಿನ ಕೈಯಲ್ಲೇ ಓಡಿದೆ. ಮೋಟಿನ ಕವಲಿನಲ್ಲಿ ಸಾಸಿವೆಯಷ್ಟು ಹಸಿರು ಚಿಗುರು. ಮೊದಲು ಒಂದರಲ್ಲಿ, ವಾರ ಕಳೆದು ಎರಡನೆಯದರಲ್ಲಿ. ತುದಿ ಕಪ್ಪಾಗಿತ್ತು ಎಂದಿದ್ದೆನಲ್ಲ, ಆ ಮೂರನೆಯದು ಉಳಿಯಲಿಲ್ಲ. ಕೆರೆದಲ್ಲೆಲ್ಲ ಕಂದು. ಆಮಾ ಅದನ್ನು ತಾವೇ ಬೇಲಿಯ ಬುಡದಲ್ಲಿ ಹೂತರು.

ಊರಿನ ಕೃಷಿ ಮೇಳದ ಶೋ ರಜೆ ಕಳೆಯಿತು, ಹೆಪ್ಪುಗಟ್ಟುವ ಚಳಿಯೂ ಮುಗಿಯುತ್ತಾ ಬಂತು. ಉಳಿದ ಎರಡನ್ನು ದಿನವೂ ಸ್ವಲ್ಪ ಹೊತ್ತು ಹೊರಗಿಟ್ಟು ಗಾಳಿ ಬಿಸಿಲಿಗೆ ಒಗ್ಗಿಸುತ್ತಿದ್ದೇವೆ. ಒಂದನ್ನು ಮುದುಕಿಯರು ಸಮುದಾಯದ ತೋಟಕ್ಕೆ ಒಯ್ಯುತ್ತಾರೆ. ಅವರಿಗೆ ಅಲ್ಲಿ ಒಂದು ಪಾತಿ ಸಿಕ್ಕಿದೆ. ಆಮಾ ಒಬ್ಬರೇ ಬಸ್ ಹತ್ತುತ್ತಾರೆ, ಡ್ರೈವರನಿಗೆ ನೇಪಾಳಿಯಲ್ಲಿ ಬುದ್ಧಿ ಹೇಳುತ್ತಾರೆ. ಇನ್ನೊಂದು ನಿಮ್ಮ ಬೇಲಿಯ ಹಳೆಯ ಜಾಗಕ್ಕೆ. ಮನೆ ಕೊಳ್ಳುವ ನರ್ಸ್ ಹುಡುಗಿ ಬಂದಿದ್ದಳು. ಆಮಾ ಅವಳ ಕೈ ಹಿಡಿದು ಗಿಡ ತೋರಿಸಿ, ನಡುಗಿ ತೋರಿಸಿ, ಎತ್ತಿ ಒಳಗಿಡುವುದನ್ನು ಅಭಿನಯಿಸಿ, ಕೊನೆಗೆ ಬೆರಳುಗಳಿಂದ ಕತ್ತರಿ ಆಡಿಸಿದರು. ಹುಡುಗಿಗೆ ಅರ್ಥವಾಯಿತು. "ನೀವೇ ಬಂದು ಕತ್ತರಿಸಿಕೊಡಿ" ಎಂದಳು.

ನೀವು ನವೆಂಬರ್ ಮೊದಲ ವಾರ ಸಾಮಾನು ಕಟ್ಟಲು ಗ್ಲೆನಿಸ್ ದೀದಿಯ ಜೊತೆ ಬರುತ್ತೀರಿ ಎಂದು ತಿಳಿಯಿತು. ಐದನೇ ತಾರೀಖು ಮಂಗಳವಾರ ನಮ್ಮ ಮನೆಯಲ್ಲಿ ಊಟ. ಹೆಚ್ಚು ಕೇಳಬೇಡಿ, ಹೇಳಬಾರದು ಎಂದು ಆಮಾ ನನಗೆ ತಾಕೀತು ಮಾಡಿದ್ದಾರೆ.

ನಿಮ್ಮ ಟೀಕಾ


ಬೋವೆನ್
೧೦ ನವೆಂಬರ್ ೨೦೧೩

ಪ್ರೀತಿಯ ಟೀಕಾ,

ಮನೆ ತಲುಪಿದೆವು. ಗ್ಲೆನಿಸ್ ಬರೆಯುತ್ತಿದ್ದಾಳೆ. ಅವಳಿಗೂ ಕಣ್ಣಿನ ತೊಂದರೆ, ಆಗಾಗ ನಿಲ್ಲಿಸುತ್ತಾಳೆ.

ನಾನು ಆ ಮಂಗಳವಾರ ಬರುವಾಗ ಎರಡು ಯೋಚನೆ ಇತ್ತು. ಒಂದು, ಖಾಲಿ ಮನೆಯನ್ನು ಕೊನೆಯ ಸಲ ನೋಡುವುದು ಹೇಗೆ. ಇನ್ನೊಂದು, ಮೆಲ್ಬರ್ನ್ ಕಪ್ಪಿನ ಕುದುರೆ ಓಟವನ್ನು ಯಾರ ಟೀವಿಯಲ್ಲಿ ನೋಡುವುದು. ನಿಮ್ಮ ಮನೆಯ ಬಾಗಿಲಲ್ಲಿ ನಿನ್ನ ಅತ್ತೆ ನನ್ನ ತೋಳು ಹಿಡಿದು ನೆಲದ ಮೇಲಿನ ಚಾಪೆಗೆ ಕರೆದೊಯ್ದಾಗ, ಕಾಲು ಬಗ್ಗುವುದಿಲ್ಲ ಎಂದು ನಾನು ಕೂಗಿದೆ. ಕಿವುಡರಿಗೆ ತಮ್ಮ ಕೂಗು ಕೇಳಿಸುವುದಿಲ್ಲ, ಬೀದಿಗೆಲ್ಲ ಕೇಳಿಸಿರಬೇಕು. ಅವರು ಐವಿಯ ಕುರ್ಚಿ ತರಿಸಿ ಚಾಪೆಯ ಮೇಲಿಟ್ಟರು. ಅವರ ಮಾತು ಒಂದೂ ಕೇಳಲಿಲ್ಲ. ಕೇಳಿದ್ದರೂ ಅರ್ಥವಾಗುತ್ತಿರಲಿಲ್ಲ, ಆದ್ದರಿಂದ ನಷ್ಟವಿಲ್ಲ. ನನ್ನ ಸುತ್ತ ಎಣ್ಣೆಯ ಗೆರೆ ಎಳೆದರು. ಹೊಸಿಲಿನ ಮೇಲೆ ಒಂದು ವಾಲ್‌ನಟ್ ಕಾಯಿಯನ್ನು ಕಲ್ಲಿನಿಂದ ಒಂದೇ ಏಟಿಗೆ ಪುಡಿ ಮಾಡಿದರು. ನನ್ನ ಏಜೆಂಟನಿಗೂ ಹಾಗೆಯೇ ಕಾದಿದೆಯೇನೋ ಎಂದುಕೊಂಡೆ.

ಆಮೇಲೆ ಹಣೆಯ ಮೇಲೆ ಬಣ್ಣಗಳು. ಒಂದರ ಕೆಳಗೊಂದು, ಏಳು. ನೀನು ಹಾಳೆಯ ಮೇಲೆ ಬರೆದು ತೋರಿಸಿದೆ: 'ಇವತ್ತು ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ತಿಲಕ ಇಡುವ ಹಬ್ಬ. ಸಾವು ಈ ಗೆರೆ ದಾಟಿ ಬರದಿರಲಿ ಎಂದು. ಆಮಾಗೆ ಇಬ್ಬರು ಅಣ್ಣಂದಿರಿದ್ದರು, ಈಗ ಯಾರೂ ಇಲ್ಲ. ನಿಮ್ಮನ್ನು ದಾಜು ಎಂದು ಕರೆಯುತ್ತಿದ್ದಾರೆ. ಅಣ್ಣ.'

ನಾನು ಒಬ್ಬನೇ ಮಗನಾಗಿ ಹುಟ್ಟಿದವನು. ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ತಂಗಿ ಹುಟ್ಟುತ್ತಾಳೆ ಎಂದರೆ ಯಾರು ನಂಬುತ್ತಾರೆ? ಕೊರಳಿಗೆ ನೀವು ಗುರಾಂಸ್ ಎನ್ನುವ ರೋಡೋಡೆಂಡ್ರನ್ ಹೂವಿನ ಮಾಲೆ ಹಾಕಿದರು. ಆ ಬಳೆಯಂತಹ ಸಿಹಿ ರೊಟ್ಟಿಯನ್ನು ತುಂಡು ಮಾಡಿ ನನ್ನ ಎಡಗೈಗೆ ಕೊಟ್ಟರು. ಆಮೇಲೆ ಯೋಚಿಸಿ, ಕೈಯಿಂದ ತೆಗೆದುಕೊಂಡು, ತಾವೇ ಬಾಯಿಗಿಟ್ಟರು. ಜೂನ್‌ನಿಂದ ನನಗೆ ಊಟ ಮಾಡಿಸುವವರನ್ನೆಲ್ಲ ನಾನು ಬೈದಿದ್ದೇನೆ, ಗ್ಲೆನಿಸ್‌ಳನ್ನು ಕೇಳು. ಅವತ್ತು ಬೈಯಲಿಲ್ಲ. ಕುದುರೆ ಓಟ ನೆನಪಾದದ್ದು ಸಂಜೆ, ಕಾಲು ನೀಡಿ ಮಲಗಿದ ಮೇಲೆ.

ಅವರಿಗೆ ಹೇಳು: ನಾನು ಖಾಲಿ ಮನೆಗೆ ಹೋಗಿ ಬೀಗ ಹಾಕಿ ಬಂದೆ. ಅಳು ಬಂದಿತು, ಆದರೆ ಕೈಗೋಲು ಜಾರಲಿಲ್ಲ. ಬೇಲಿಯ ಪಕ್ಕದ ಗಿಡಕ್ಕೆ ಅಂಗೈಯಷ್ಟು ಎಲೆ ಬಂದಿತ್ತು. ಐವಿ ಇದ್ದಿದ್ದರೆ ನಿನ್ನ ಅತ್ತೆಯನ್ನು ಕೊಲೆಗಾರ್ತಿ ಎಂದು ಕರೆದು, ಕೇಕ್‌ನ ದೊಡ್ಡ ತುಂಡನ್ನು ಅವರಿಗೇ ಕೊಡುತ್ತಿದ್ದಳು.

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗ ನನ್ನ ಹಣೆಯನ್ನೇ ನೋಡಿದ. ಗ್ಲೆನಿಸ್ ಕರವಸ್ತ್ರ ಒದ್ದೆ ಮಾಡಿ, "ಒರೆಸಲಾ ಅಪ್ಪಾ?" ಎಂದು ತುಟಿಯಾಡಿಸಿದಳು. ಬೇಡ ಎಂದೆ. ಮೆಲ್ಬರ್ನಿನಲ್ಲಿ ಒಬ್ಬ ಹುಡುಗಿ ಬಂದು, ಕಪ್ ದಿನದ ಮೋಜಾ ಎಂದು ಕೇಳಿದಳಂತೆ. "ಇಲ್ಲಮ್ಮಾ, ನನ್ನ ತಂಗಿ ಇಟ್ಟದ್ದು" ಎಂದು ಗ್ಲೆನಿಸ್ ಕೈಯಲ್ಲಿ ಹೇಳಿಸಿದೆ. ಬಣ್ಣ ನಾಲ್ಕು ದಿನದಲ್ಲಿ ಒಂದೊಂದೇ ಉದುರಿತು. ಇವತ್ತು ಬೆಳಿಗ್ಗೆ ಗಡ್ಡ ಮಾಡುವಾಗ ಅಳಿಯ ನನ್ನ ಹುಬ್ಬಿನಲ್ಲಿ ಇನ್ನೂ ಒಂದು ಚೂರು ನೀಲಿ ಉಳಿದಿದೆ ಎಂದು ತೋರಿಸಿ, ಬಟ್ಟೆ ತಂದ.

ಅದನ್ನು ಅಲ್ಲೇ ಬಿಡು ಎಂದೆ.

ನಿನ್ನ ಬಾಜೆ